ಏಳು ಗೆರೆಯ ಚುಕ್ಕಿ

ಬಹು ಹಿಂದೆ, ನಡುಹಗಲಿನಲ್ಲಿಯೂ ತನ್ನ ಪಾದ ತನಗೆ ಕಾಣದಷ್ಟು ಮಂಜು ಕವಿದ ಒಂದು ರಾಜ್ಯವಿತ್ತು. ಅಲ್ಲಿ ಕಣ್ಣನ್ನು ನಂಬಿ ಯಾರೂ ನಡೆಯುತ್ತಿರಲಿಲ್ಲ. ಗುಡ್ಡಕ್ಕೊಂದು ಗೋಪುರವಿತ್ತು, ಗೋಪುರಕ್ಕೊಬ್ಬ ಒಡತಿಯಿದ್ದಳು. ಅವಳು ಕೈ ತೋರಿದತ್ತ ದಾರಿಹೋಕರು ನಡೆಯುತ್ತಿದ್ದರು.

ಒಡತಿಯರಿಗೆ ದಾರಿ ತಿಳಿಯುತ್ತಿದ್ದದ್ದು ರಂಗೋಲಿಯಿಂದ. ಪ್ರತಿ ಗೋಪುರದ ಅಂಗಳದಲ್ಲಿಯೂ ಇಡೀ ರಾಜ್ಯದ ರಂಗೋಲಿಯಿತ್ತು: ಗೋಪುರಕ್ಕೊಂದು ಚುಕ್ಕಿ, ದಾರಿಗೊಂದು ಗೆರೆ. ಯಾವ ಅಂಗಳಕ್ಕೆ ಹೋದರೂ ಅದೇ ಚುಕ್ಕಿ, ಅದೇ ಗೆರೆ. ಒಂದು ಅಂಗಳದಲ್ಲಿ ಒಂದು ಗೆರೆ ಬೇರೆಯಾದರೂ, ಇವಳು ಅತ್ತ ಕಳಿಸಿದವನನ್ನು ಅವಳು ಇತ್ತ ಕಳಿಸಿ, ದಾರಿಹೋಕನು ಎರಡು ಗೋಪುರಗಳ ನಡುವೆ ಸುತ್ತಿ ಸುತ್ತಿ ಸಾಯಬೇಕಾಗುತ್ತಿತ್ತು.

ಆದ್ದರಿಂದ ಪದ್ಧತಿ ಕಟ್ಟುನಿಟ್ಟಾಗಿತ್ತು. ಬೆಳಗಾದೊಡನೆ ಒಡತಿಯು ತನ್ನ ಗಿಳಿಗಳಿಗೆ ತನ್ನ ನೆರೆಯ ಗೋಪುರಗಳ ಹೆಸರನ್ನು ಕಲಿಸುವಳು. ಇದು ತನ್ನ ಎಷ್ಟನೆಯ ನುಡಿ ಎಂಬುದನ್ನೂ ಸೇರಿಸುವಳು; ಎಣಿಕೆ ಹೆಚ್ಚಿದ್ದ ನುಡಿಯೇ ಹೊಸದು, ಅದು ಹಳೆಯದನ್ನು ಅಳಿಸುವುದು. ಪರರ ಗೋಪುರದ ಮಾತನ್ನು ತಾನು ಹುಟ್ಟಿಸುವಂತಿರಲಿಲ್ಲ. ಗಿಳಿ ನೆರೆಗೆ ಹಾರುವುದು; ನೆರೆಯವಳು ಕೇಳಿ, ಅಕ್ಷರ ಬದಲಿಸದೆ, ತನ್ನ ಗಿಳಿಗಳ ಬಾಯಲ್ಲಿ ಮುಂದಕ್ಕೆ ದಾಟಿಸುವಳು. ಕೇಳಿದೆನೆಂಬುದಕ್ಕೆ ಬಂದ ಗಿಳಿಯ ಕೊಕ್ಕಿನಲ್ಲಿ ಒಂದು ಭತ್ತದ ತೆನೆಯನ್ನಿಟ್ಟು ಕಳಿಸುವಳು. ತೆನೆಯಿಲ್ಲದೆ ಮರಳಿದ ಗಿಳಿ ಮತ್ತೆ ಹಾರಲೇಬೇಕು. ಹೀಗೆ ಹೊತ್ತೇರುವುದರೊಳಗೆ ಎಲ್ಲ ಅಂಗಳಗಳೂ ಒಂದೇ ರಂಗೋಲಿಯಾಗುತ್ತಿದ್ದವು.

ಇನ್ನೊಂದು ನಿಯಮವಿತ್ತು. ಎರಡು ಗೋಪುರದವರೂ ಒಬ್ಬರನ್ನೊಬ್ಬರು ನೆರೆಯೆಂದು ಹೆಸರಿಸಿದರಷ್ಟೇ ಗೆರೆ. ಗೆರೆ ಬಿದ್ದರಷ್ಟೇ ಮಂಜು ಸರಿದು ದಾರಿ.

ಆ ರಾಜ್ಯದಲ್ಲಿ ಏಚಲೆ, ಮಾಳಲೆ ಎಂಬ ಅಕ್ಕತಂಗಿಯರಿದ್ದರು. ತಂಗಿ ಮಾಳಲೆಗೆ ಐದು ದಾರಿ ಕೂಡುವ ಗೋಪುರ ಒಲಿದಿತ್ತು. ಅಕ್ಕ ಏಚಲೆಗೆ ಅಂಚಿನ ಗೋಪುರ. ಅದಕ್ಕಿದ್ದದ್ದು ಒಂದೇ ದಾರಿ, ಅದೂ ತಂಗಿಯ ಗೋಪುರಕ್ಕೆ ಹೋಗುವ ದಾರಿ. ಏಚಲೆ ಪ್ರತಿ ಬೆಳಗ್ಗೆ ಅಂಗಳ ಸಾರಿಸಿ, ಮೊಣಕಾಲೂರಿ, ತಂಗಿಯ ಚುಕ್ಕಿಗೆ ಐದು ಎಸಳಿನ ತಾವರೆಯನ್ನು ತನ್ನ ಕೈಯಾರೆ ಬರೆಯಬೇಕಿತ್ತು. ಬರೆಯುವಳು. ಗೆರೆ ಒಂದಿಷ್ಟೂ ಡೊಂಕಾಗದಂತೆ ಬರೆಯುವಳು. ಎದ್ದು ನಿಂತು, ಕರುಬಿನಿಂದ ಆ ಎಸಳುಗಳನ್ನು ಎಣಿಸಿ, ತನ್ನ ಒಂಟಿ ಗೆರೆಯತ್ತ ನೋಡದೆ ಒಳಗೆ ಹೋಗುವಳು.

ರಾಜ್ಯದಾಚೆಯ ಜವುಗಿನಲ್ಲಿ ಜಂಬುಕಾಕ್ಷನೆಂಬ ಮಾಂತ್ರಿಕನಿದ್ದನು. ಅವನು ಮನುಷ್ಯರನ್ನು ಜೊಂಡುಹುಲ್ಲಾಗಿಸಿ ಅವರ ಉಸಿರನ್ನು ಕುಡಿದು ಬದುಕುವವನು. ಎಲ್ಲ ಗೋಪುರಗಳೂ ತನ್ನ ನೆರೆಯೇ ಎಂದು ಅವನು ದಿನವೂ ಕೂಗುತ್ತಿದ್ದನು. ಅವನನ್ನು ನೆರೆಯೆಂದವರು ಯಾರೂ ಇರಲಿಲ್ಲ, ದಾರಿ ಬೀಳಲಿಲ್ಲ.

ಮೊದಲ ಸಲ ಅವನು ಕಾಗೆಗೆ ಹಸಿರು ಬಳಿದು, ಮಾಳಲೆಯ ಹೊಸ ನುಡಿಯೆಂಬಂತೆ, ಜವುಗೂ ಅವಳ ನೆರೆಯೆಂಬ ಸುಳ್ಳನ್ನು ಕಲಿಸಿ ಹಾರಿಸಿದನು. ಸುಳ್ಳು ಊರೂರು ದಾಟಿ ಮಾಳಲೆಯ ಕಿವಿಗೇ ಬಂದಿತು. ಪಟ್ಟವೇರುವ ದಿನ ಒಡತಿಯರು ಒಂದು ಬಾವಿಯ ನೀರು ಕುಡಿಯುತ್ತಾರೆ. ಕುಡಿದವಳು ತನ್ನ ಗೋಪುರದ ಬಗ್ಗೆ ಪರರಾಡಿದ ಹೊಸ ಸುಳ್ಳನ್ನು ಕೇಳಿದರೆ, ನಿದ್ದೆಯಲ್ಲಿದ್ದರೂ ಅವಳ ನಾಲಿಗೆ ಅದನ್ನು ತಿದ್ದದೆ ಬಿಡದು. "ನನ್ನ ಮನೆಯ ಸುದ್ದಿ ನನಗಿಂತ ಮೊದಲು ಕಾಗೆಗೆ ತಿಳಿಯಿತೇ?" ಎಂದು ನಕ್ಕು ಮಾಳಲೆ ಇನ್ನೂ ಹೊಸ ನುಡಿಯನ್ನು ಕಳಿಸಿದಳು. ಸುಳ್ಳು ಅಳಿಯಿತು.

ಎರಡನೆಯ ಸಲ ಅವನು ದಾರಿ ತಪ್ಪಿದ ಒಂದು ಮುದಿ ಗಿಳಿಯನ್ನು ಹಿಡಿದನು. ಜವುಗಿನ ಜಾಗದಲ್ಲಿ ಊರಿದ್ದ ಕಾಲದ, ಆ ಊರನ್ನು ನೆರೆಯೆನ್ನುವ ನಿಜವಾದ ನುಡಿಯೊಂದು ಅದಕ್ಕೆ ಬಾಯಿಪಾಠವಿತ್ತು. ಅದನ್ನು ಹಾರಿಸಿದನು. ಮೊದಲ ಗೋಪುರದವಳೇ ಎಣಿಕೆ ಕೇಳಿ, "ಅಜ್ಜಿ, ಇದು ಹಳಸಿದ ಮಾತು," ಎಂದು ಹೊಸ ನುಡಿ ಕಲಿಸಿ ಅದನ್ನು ಹಿಂದಕ್ಕಟ್ಟಿದಳು.

ಜಂಬುಕಾಕ್ಷನು ಕುಳಿತು ಯೋಚಿಸಿದನು. ಒಡತಿಯ ಬಗ್ಗೆ ಪರರು ಸುಳ್ಳಾಡಿದರೆ ಒಡತಿ ತಿದ್ದುತ್ತಾಳೆ. ಒಡತಿಯೇ ತನ್ನ ಬಗ್ಗೆ ಸುಳ್ಳಾಡಿದರೆ ತಿದ್ದುವವರು ಯಾರು?

ಮೂರನೆಯ ಸಲ ಅವನು ರಂಗೋಲಿ ಪುಡಿ ಮಾರುವವನಾಗಿ ಏಚಲೆಯ ಅಂಗಳದ ಬಳಿ ಬಂದನು.

"ತಾಯೀ, ಆ ತಾವರೆ ಯಾರದು?"

"ನನ್ನ ತಂಗಿಯದು."

"ಈ ಮೂಲೆಯಲ್ಲಿ ಕೈಜಾರಿ ಪುಡಿ ಬಿದ್ದಿದೆಯಲ್ಲ, ಒರೆಸಲೇ?"

"ಅದು ನನ್ನ ಚುಕ್ಕಿ," ಎಂದಳು ಏಚಲೆ.

"ಓಹೋ. ಅರಳುವುದು ತಂಗಿ, ಮೊಣಕಾಲೂರುವುದು ಅಕ್ಕ." ಅವನು ಪುಡಿಯ ಬುಟ್ಟಿಯನ್ನು ಕೆಳಗಿಳಿಸಿದನು. "ನನ್ನ ಕಡೆ ಏಳು ಚಿನ್ನದ ಪಟ್ಟಣಗಳಿವೆ. ಏಳೂ ನಿನ್ನನ್ನು ನೆರೆಯೆಂದು ಕೂಗಲು ಸಿದ್ಧವಾಗಿವೆ. ನೀನೊಮ್ಮೆ ಹೌದೆಂದರೆ ಸಾಕು. ನಾಳೆ ನಿನ್ನ ತಂಗಿ ಮೊಣಕಾಲೂರಿ ನಿನ್ನ ಚುಕ್ಕಿಗೆ ಏಳು ಗೆರೆ ಎಳೆಯಲಿ."

ಏಚಲೆಗೆ ಪಟ್ಟಣಗಳು ಬೇಕಿರಲಿಲ್ಲ. ಆ ಕೊನೆಯ ಮಾತು ಬೇಕಿತ್ತು. ಮರುದಿನ ಅವಳು ಗಿಳಿಗಳಿಗೆ ಏಳು ಹೊಸ ನೆರೆಗಳ ಹೆಸರು ಕಲಿಸಿದಳು. ಏಳೂ ಆ ಒಂದೇ ಜವುಗಿನ ಹೆಸರುಗಳು. ಎರಡು ತುದಿಯ ಮಾತೂ ಕೂಡಿತು. ಎಲ್ಲ ಅಂಗಳಗಳಲ್ಲಿಯೂ ಏಳು ಗೆರೆ ಬಿದ್ದವು. ಮಂಜು ಸರಿದು ಏಳು ದಾರಿ ತೆರೆದವು.

ಜನ ಬಂದರು. ಚಿನ್ನದ ಪಟ್ಟಣ ನೋಡಲು ಹಿಂಡುಹಿಂಡಾಗಿ ಬಂದು ಏಚಲೆಯ ಬಾಗಿಲಲ್ಲಿ ದಾರಿ ಕೇಳಿದರು. ಅವಳು ಕೈ ತೋರಿದಳು. ಹೋದವರು ಹಿಂದಿರುಗಲಿಲ್ಲ. ಅದನ್ನು ಅವಳು ಗಮನಿಸಿದಳು. ಗಮನಿಸಲಿಲ್ಲವೆಂದು ತನಗೆ ತಾನೇ ಹೇಳಿಕೊಂಡಳು.

ಒಂದು ದಿನ ಮಾಳಲೆಯೇ ಬಂದಳು. ಏಚಲೆ ತಂಗಿಯ ಮುಖದಲ್ಲಿ ತನ್ನ ಬೇನೆಯನ್ನು ಹುಡುಕಿದಳು.

"ಅಕ್ಕಾ, ಬೆಳಗ್ಗೆ ನಿನ್ನ ಚುಕ್ಕಿ ಬರೆದು ಬರೆದು ಕೈ ಸೋತಿತು ಕಣೇ," ಎಂದಳು ಮಾಳಲೆ, ಕಾಲು ಚಾಚಿ ಕುಳಿತು. "ನೋಡಿದವರೆಲ್ಲ ಯಾರ ಗೋಪುರವದು ಎನ್ನುತ್ತಾರೆ. ನನ್ನಕ್ಕನದು ಎನ್ನುತ್ತೇನೆ."

"ನಿನಗೇನೂ ಅನ್ನಿಸಲಿಲ್ಲವೇ?"

"ಅನ್ನಿಸಿತು. ಏಳನೆಯ ಗೆರೆಗೆ ಜಾಗ ಸಾಲದೆ ತುಳಸಿಕಟ್ಟೆಯನ್ನು ಬಳಸಿ ಎಳೆಯಬೇಕಾಯಿತು. ನಾಲ್ಕು ದಾರಿ ಸಾಲುತ್ತಿರಲಿಲ್ಲವೇ ನಿನಗೆ?" ಮಾಳಲೆ ನಕ್ಕಳು. ಆ ನಗೆಯಲ್ಲಿ ಕರುಬಿನ ಕಲೆಯೇ ಇರಲಿಲ್ಲ. ಅದನ್ನು ಏಚಲೆ ಸಹಿಸಲಾರದೆ ಹೋದಳು.

"ಆ ಪಟ್ಟಣಗಳನ್ನು ನಾನೂ ನೋಡಿ ಬರಲೇ, ಅಕ್ಕಾ?"

ಏಚಲೆ ಕೈ ತೋರಿದಳು.

ಮರುದಿನ ಬೆಳಗ್ಗೆ ತಂಗಿಯ ಗೋಪುರದಿಂದ ಗಿಳಿ ಬರಲಿಲ್ಲ. ಏಚಲೆಯ ಗಿಳಿ ಅತ್ತ ಹಾರಿ, ತೆನೆಯಿಲ್ಲದೆ ಮರಳಿತು. ಮತ್ತೆ ಹಾರಿ, ಮತ್ತೆ ಬರಿಗೊಕ್ಕಿನಲ್ಲಿ ಮರಳಿತು. ಮೂರನೆಯ ಸಲವೂ ಹಾಗೆಯೇ. ಸದ್ದಿಲ್ಲದ ನೆರೆಯ ಗೆರೆಯನ್ನು ಅಳಿಸಬೇಕೆಂಬುದು ಪದ್ಧತಿ. ತಂಗಿಯ ಬೇರೆ ನಾಲ್ಕು ಎಸಳುಗಳನ್ನು ಅತ್ತಣ ನೆರೆಯವರು ಅಳಿಸಿದರೋ ಇಲ್ಲವೋ ಅವಳಿಗೆ ತಿಳಿಯದು. ತನ್ನತ್ತ ಚಾಚಿದ್ದ ಎಸಳನ್ನು ಏಚಲೆ ಅಂಗೈಯಿಂದ ಒರೆಸಿದಳು. ಎಷ್ಟೋ ವರ್ಷಗಳಿಂದ ಒರೆಸಲು ಬಯಸಿದ್ದ ಗೆರೆ. ಒರೆಸಿದ ಮೇಲೆ ಕಂಡಿತು: ರಾಜ್ಯಕ್ಕೂ ತನಗೂ ಇದ್ದ ಗೆರೆ ಅದೊಂದೇ. ತನ್ನ ಏಳು ಗೆರೆಗಳನ್ನು ನೋಡುವವರು ಇನ್ನು ಯಾರೂ ಇಲ್ಲ. ಅಕ್ಕನದು ಎಂದು ಹೇಳುವವಳೂ ಇಲ್ಲ.

ಏಚಲೆ ಪುಡಿಯ ಬಟ್ಟಲನ್ನು ಕೆಳಗಿಟ್ಟು ತಂಗಿ ಹೋದ ದಾರಿ ಹಿಡಿದಳು.

ಅಲ್ಲಿ ಪಟ್ಟಣವಿರಲಿಲ್ಲ, ಎದೆಯೆತ್ತರದ ಜೊಂಡು ದಿಕ್ಕುದಿಕ್ಕಿಗೂ ತೂಗುತ್ತಿತ್ತು.

"ತಾಯಿ ಬಂದಳು," ಎಂದನು ಜಂಬುಕಾಕ್ಷ. "ತಂಗಿಯನ್ನು ಚುಕ್ಕಿಯಿಂದ ಇಳಿಸಿಕೊಟ್ಟೆ. ಸಾಲದೇ?"

"ಅವಳನ್ನು ಕೊಡು."

"ಕೊಡುವುದೇನು, ಕಿತ್ತುಕೊ. ಆದರೆ ತಪ್ಪಿ ಬೇರೊಂದು ದಂಟನ್ನು ಮುಟ್ಟಿದರೆ ನೀನೂ ದಂಟು."

ಏಚಲೆ ಮೊದಲು, "ಮಾಳಲೇ," ಎಂದು ಕೂಗಿದಳು. ಕೇಳಿದ್ದನ್ನು ಮರುನುಡಿಯುವುದಷ್ಟೇ ಜೊಂಡಿಗೆ ಗೊತ್ತು. "ಮಾಳಲೇ," ಎಂದವು ಸಾವಿರ ದಂಟು.

ಎರಡನೆಯ ಸಲ, "ತಪ್ಪಾಯಿತು, ತಂಗೀ," ಎಂದು ಅತ್ತಳು. "ತಪ್ಪಾಯಿತು, ತಂಗೀ," ಎಂದು ಸಾವಿರ ದಂಟುಗಳೂ ಅತ್ತವು. ಮಾಂತ್ರಿಕನು ಹೊಟ್ಟೆ ಹಿಡಿದು ನಕ್ಕನು.

ಏಚಲೆ ಕಣ್ಣೊರೆಸಿಕೊಂಡಳು. ತಂಗಿಯ ಕೊನೆಯ ನುಡಿ ಎಷ್ಟನೆಯದೆಂದು ಅವಳಿಗೆ ಗೊತ್ತಿತ್ತು; ಕರುಬುವವರು ಎಣಿಕೆ ಮರೆಯುವುದಿಲ್ಲ. ಅದಕ್ಕೊಂದು ಹೆಚ್ಚಿಸಿ, ಎದೆಯಲ್ಲಿ ಬಹುಕಾಲ ಬಚ್ಚಿಟ್ಟಿದ್ದ ಆಸೆಯನ್ನು ಗಟ್ಟಿಯಾಗಿ ಆಡಿದಳು: "ಮಾಳಲೆಯ ಗೋಪುರದ ಹೊಸ ನುಡಿ. ಮಾಳಲೆಗೆ ದಾರಿಯಿಲ್ಲ. ಮಾಳಲೆಗೆ ನೆರೆಯಿಲ್ಲ. ಮಾಳಲೆಗೆ ಯಾರೂ ಇಲ್ಲ."

"ಮಾಳಲೆಗೆ ಯಾರೂ ಇಲ್ಲ," ಎಂದವು ಜೊಂಡುಗಳು.

ಅವುಗಳ ನಡುವೆ ಒಂದೇ ಒಂದು ದಂಟು, ಬಾವಿಯ ನೀರು ಕುಡಿದ ನಾಲಿಗೆ, ತಡೆಯಲಾರದೆ ನುಡಿಯಿತು: "ಸುಳ್ಳು. ಇದಕ್ಕಿಂತ ಹೊಸ ನುಡಿ ನನ್ನದು. ನನಗೆ ಐದು ನೆರೆ. ಮೊದಲನೆಯವಳು ನನ್ನಕ್ಕ ಏಚಲೆ."

ಏಚಲೆ ಆ ದಂಟನ್ನು ತಬ್ಬಿಕೊಂಡಳು. ಅವಳ ತೋಳುಗಳಲ್ಲಿ ಕೆಸರು ಮೆತ್ತಿದ ಮಾಳಲೆ ನಿಂತಿದ್ದಳು.

"ಇನ್ನು ನನ್ನ ನುಡಿ," ಎಂದಳು ಏಚಲೆ. "ಹಿಂದೆ ಹೆಸರಿಸಿದ ಏಳೂ ಸುಳ್ಳು. ನನಗೆ ಇರುವುದು ಒಂದೇ ನೆರೆ, ಮಾಳಲೆ."

ಮಾಂತ್ರಿಕನ ನಗೆ ನಿಂತಿತು. "ಹುಚ್ಚಿ, ದಾರಿ ಮುಚ್ಚಿದರೆ ನೀನೂ ಒಳಗೇ. ಅಲ್ಲದೆ ಕೇಳುವವರು ಯಾರಿದ್ದಾರೆ ಇಲ್ಲಿ?"

"ನಾನಿದ್ದೇನೆ," ಎಂದಳು ಮಾಳಲೆ. ತೆನೆ ಇರಲಿಲ್ಲ; ಬಗ್ಗಿ ಒಂದು ಗರಿಕೆಯನ್ನು ಕಿತ್ತು ಅಕ್ಕನ ಅಂಗೈಯಲ್ಲಿಟ್ಟಳು.

ಕೇಳಿದ ಮಾತು ನಿಂತಿತು. ಏಳು ದಾರಿಗಳೂ ಅಳಿದವು. ನೀರು ಇಂಗಿತು. ಜೊಂಡುಗಳೆಲ್ಲ ಕೆಮ್ಮುತ್ತ, ಸೀನುತ್ತ ಮನುಷ್ಯರಾಗಿ ಎದ್ದವು. ದಿಕ್ಕಿಲ್ಲದಷ್ಟು ವಿಸ್ತಾರವೆಂದು ತೋರಿದ್ದ ಜವುಗು ಏಚಲೆಯ ಹಿತ್ತಿಲಾಚೆಯ ಒಂದು ಕೆಸರಗುಂಡಿಯಷ್ಟೇ ಆಗಿತ್ತು. ನೆರೆಯೆನ್ನುವವರಿಲ್ಲದ ಜಂಬುಕಾಕ್ಷನು ಬಡಕಲು ನರಿಯಾಗಿ ಮಂಜಿನೊಳಗೆ ಓಡಿದನು.

ಜನರೆಲ್ಲ ಹೊರಟುಹೋದ ಮೇಲೆ ಮಾಳಲೆ ಕಾಲು ತೊಳೆಯುತ್ತ ಕೇಳಿದಳು: "ಅಕ್ಕಾ, ಹೋದವರು ಯಾರೂ ಹಿಂದೆ ಬಂದಿಲ್ಲವೆಂದು, ನೀನು ಕೈ ತೋರಿದಾಗ, ನಿನಗೆ ತಿಳಿದಿತ್ತೇ?"

ಸುಳ್ಳಾಡಬಹುದಿತ್ತು, ತಿದ್ದುವವರು ಯಾರೂ ಇರಲಿಲ್ಲ.

"ತಿಳಿದಿತ್ತು," ಎಂದಳು ಏಚಲೆ.

ಮಾಳಲೆ ಸೆರಗಿನಿಂದ ಕಾಲೊರೆಸಿಕೊಂಡು ತನ್ನ ಗೋಪುರಕ್ಕೆ ಹೊರಟುಹೋದಳು.

ಮರುದಿನ ಬೆಳಗಾಯಿತು. ಏಚಲೆ ಒಂದೇ ಹೆಸರನ್ನು ಕಲಿಸಿ ಗಿಳಿಯನ್ನು ಹಾರಿಸಿದಳು. ಅದು ತೆನೆಯೊಂದಿಗೆ ಮರಳಿತು. ತಂಗಿ ಕೇಳಿದ್ದಳು, ಕೇಳುವುದು ಬೇರೆ, ಹೆಸರಿಸುವುದು ಬೇರೆ. ಏಚಲೆ ತನ್ನ ಚುಕ್ಕಿಯನ್ನಿಟ್ಟು, ಗೆರೆಯೆಳೆಯದೆ, ಬೆರಳಲ್ಲಿ ಪುಡಿ ಹಿಡಿದು ಕುಳಿತಳು.

ಹೊತ್ತೇರಿದಾಗ ಮಾಳಲೆಯ ಗಿಳಿ ಬಂದು ಹೊಸ್ತಿಲ ಮೇಲೆ ಇಳಿಯಿತು. ಮೊದಲು ಬಡಗಣ ಗೋಪುರದ ಹೆಸರು ಹೇಳಿತು. ಆಮೇಲೆ ಮೂಡಣದ್ದು. ಆಮೇಲೆ ಹೊಳೆದಂಡೆಯದು, ಆಮೇಲೆ ಕಣಿವೆಯದು. ಅಲ್ಲಿಗೆ ನಿಲ್ಲಿಸಿ ರೆಕ್ಕೆಯನ್ನು ಕೊಕ್ಕಿನಿಂದ ನೀವಿಕೊಂಡಿತು.

"ಏಚಲೆ," ಎಂದಿತು ಗಿಳಿ.

ಮೊದಲು ಬರುತ್ತಿದ್ದ ಹೆಸರು ಕೊನೆಗೆ ಬಂದಿತ್ತು. ಆದರೆ ಬಂದಿತ್ತು. ಏಚಲೆ ಮೊಣಕಾಲೂರಿ ಗೆರೆಯೆಳೆದಳು. ಹೊರಗೆ ಮಂಜು ಸರಿದು ದಾರಿ ತೆರೆಯಿತು. ಆ ದಾರಿಯಲ್ಲಿ ಹೋದವರೆಲ್ಲ ಮನೆ ಸೇರಿದರು, ಬಂದವರೆಲ್ಲ ಉಂಡು ಮಲಗಿದರು, ಮತ್ತು ಆ ರಾಜ್ಯವು ಬಹುಕಾಲ ಸುಖವಾಗಿತ್ತು.