ಮೊದಲೇ ಬರೆದಿಟ್ಟ ನಡಾವಳಿ

“ಮೊದಲ ಇಲ್ಲಿ ಸಹಿ ಮಾಡ್ರೀ ಮೇಡಂ.”

ಪಂಚಶೀಲಾ ಬೆಚ್ಚಿದಳು. ಸಭೆಯೇ ಶುರುವಾಗಿಲ್ಲ, ಚಹಾ ಕೂಡ ಬಂದಿಲ್ಲ... ಆಗಲೇ ಸಹಿ? ಕಂಪನಿಯ ಕಾರ್ಯದರ್ಶಿ ನೀಲಕಂಠ ಚಾಚಿದ ಹಾಜರಿ ಪುಸ್ತಕದ ಕೆಳಗೆ ಟೈಪ್ ಮಾಡಿದ ಹಾಳೆಯೊಂದು ಇಣುಕುತ್ತಿತ್ತು. ‘ಸರ್ವಾನುಮತದಿಂದ ಒಪ್ಪಲಾಯಿತು!’

“ಆಗದ ಸಭಾದ ನಡಾವಳಿ ಮೊದಲ ಬರದಿಟ್ಟೀರೇನು?”

“ಇಲ್ಲಿ ಪದ್ಧತಿ ಹಿಂಗ ಅದರೀ,” ಎಂದ ನೀಲಕಂಠ.

ನೋಡಲು ಎಷ್ಟು ಸಂಭಾವಿತ, ಆದರೆ ಅಧ್ಯಕ್ಷರ ಬಾಲ!

ಕಮಲಾಪುರದ ಕೆಂಪು ಬಾಳೆ ಬೆಳೆಗಾರರು ಕಟ್ಟಿದ ಕಂಪನಿ ಅದು. ಕಚೇರಿ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ, ಬಟ್ಟೆ ಅಂಗಡಿಯ ಮೇಲೆ. ಪಂಚಶೀಲಾ ಹೊಸ ನಿರ್ದೇಶಕಿ. ಹಣ್ಣು ಮಾಗಿಸುವ ಕೋಣೆಯನ್ನು ಅಧ್ಯಕ್ಷ ಗುರುಲಿಂಗಪ್ಪನವರ ಅಳಿಯನಿಗೆ ಹತ್ತು ವರ್ಷ ಗುತ್ತಿಗೆ ಕೊಡಬೇಕೆಂಬುದು ಅಂದಿನ ಠರಾವು. ಕೋಣೆ ಕೈತಪ್ಪಿದರೆ ಬೆಳೆಗಾರರೆಲ್ಲ ಅಳಿಯ ಹೇಳಿದ ರೇಟಿಗೇ ಹಣ್ಣು ಸುರಿಯಬೇಕು.

“ನಂದು ವಿರೋಧ ಅದ!” ಎದ್ದು ನಿಂತಳು ಪಂಚಶೀಲಾ.

ಯಾರೂ ತುಟಿ ಬಿಚ್ಚಲಿಲ್ಲ. ಹಿರಿಯ ನಿರ್ದೇಶಕಿ ಹಲೀಮಾ ಕೂಡ ಬಶಿಗೆ ಚಹಾ ಸುರಿದುಕೊಂಡರು.

“ಕೂಡು ತಂಗಿ. ಸುಮ್ನಿದ್ದಾರಂದ್ರ ಎಲ್ಲಾರೂ ಒಪ್ಯಾರ. ಮುಂದಿನ ಸಭಾದಾಗ ನಡಾವಳಿ ಓದೋದು, ಗುತ್ತಿಗಿ ಬರದು ಕೊಡೋದು,” ನಕ್ಕರು ಗುರುಲಿಂಗಪ್ಪ. ನೀಲಕಂಠ ತಲೆ ತಗ್ಗಿಸಿ ಗೀಚುತ್ತಿದ್ದ.

ಮೆಟ್ಟಿಲ ಬಳಿ ಅವನೇ ತಡೆದ. “ನಿಮ್ಮ ವಿರೋಧ ಬರದು, ಸಹಿ ಮಾಡಿ ಕೊಡ್ರಿ.”

ಈ ಕಾಗದ ನೇರ ಅಧ್ಯಕ್ಷರ ಜೇಬಿಗೇ! ಹೆದರಿದಳು ಅನ್ನಿಸಬಾರದೆಂದು ಬರೆದುಕೊಟ್ಟಳು.

ಎರಡೇ ದಿನ. ಮಹಾಗಾಂವ ಕ್ರಾಸಿನಲ್ಲಿ ಗುರುಲಿಂಗಪ್ಪನವರ ಕಾರಿನಿಂದ ನೀಲಕಂಠ ಇಳಿದ! ಪಂಚಶೀಲಾ ಕಣ್ಣಾರೆ ಕಂಡಳು. ಅನುಮಾನ ನಿಜವಾಯಿತಲ್ಲ... ಹಾಗಾದರೆ ಅಳು ಯಾಕೆ ಬರುತ್ತಿದೆ? ಅವನು ಮೋಸಗಾರನಾದರೆ ತನಗೇನು?

ಮುಂದಿನ ಸಭೆ ಕಮಲಾಪುರದಲ್ಲಿ ಸೇರಿತು. ನೀಲಕಂಠ ನಡಾವಳಿ ಓದಿದ.

“ನಿರ್ದೇಶಕಿ ಪಂಚಶೀಲಾ ವಿರೋಧಿಸಿದರು. ಗುತ್ತಿಗೆ ಅಧ್ಯಕ್ಷರ ಅಳಿಯನಿಗೆ ಹೋಗುತ್ತಿರುವುದೇ ಕಾರಣ. ಅವರ ಪತ್ರ ಲಗತ್ತಿಸಿದೆ. ಠರಾವನ್ನು ಮತಕ್ಕೆ ಹಾಕಲಿಲ್ಲ.”

ಪಂಚಶೀಲಾ ತಟ್ಟನೆ ತಲೆ ಎತ್ತಿದಳು.

“ಕಾರಿನಾಗ ಕುಂದ್ರಿಸಿ ಏನ್ ಹೇಳಿದ್ದೆ ನಿನಗ? ಅದನ್ನ ತಗಿ ಅಂದಿದ್ದಿಲ್ಲೇನು!” ಗುಡುಗಿದರು ಗುರುಲಿಂಗಪ್ಪ.

“ಆಡಿದ ಮಾತು ಬರದೀನ್ರಿ. ಬೇಕಾದ್ರ ನನ್ನ ತಗೀರಿ, ಇದನ್ನ ತಗ್ಯಂಗಿಲ್ಲ.”

ಆಗ ಹಲೀಮಾ ಕೈ ಎತ್ತಿದರು. “ನಂದೂ ವಿರೋಧ ಬರ್ಕೋ ಬೇಟಾ. ಅವತ್ತ ಬಾಯಿ ಬರಲಿಲ್ಲ ನನಗ.” ಇನ್ನೊಬ್ಬರು, ಮತ್ತೊಬ್ಬರು... ಠರಾವು ಬಿದ್ದೇ ಹೋಯಿತು!

ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು. “ಅವ್ರ ಕಾರಿನಾಗ ನೋಡಿ ಏನೇನೋ ತಿಳಕೊಂಡೆ. ಒಂದ್ ಮಾತು ಹೇಳಬಾರದಿತ್ತೇನ್ರಿ?”

“ಹೇಳಿದ್ರ ನಂಬ್ತಿದ್ರೇನು?”

“...ಇಲ್ಲ.”

“ಏಳು ವರ್ಷ ಯಾರ ವಿರೋಧಾನೂ ಬರದಿದ್ದಿಲ್ಲ ನಾ. ನೀವು ಎದ್ದು ನಿಂತ್ರಿ, ನನಗ ನನ್ನ ಮ್ಯಾಲೇ ನಾಚಿಕಿ ಬಂತು. ಅವತ್ತೇ ನಿಮ್ಮ ಮ್ಯಾಲ ಮನಸಾಗ್ಯಾದ. ನೌಕರಿ ಉಳೀತದೋ ಇಲ್ಲೋ... ನನ್ನ ಲಗ್ನ ಆಗ್ತೀರೇನು?”

“ನನ್ನ ಸಂಶಯ ಇನ್ನಾ ಪೂರಾ ಹೋಗಿಲ್ಲ.”

ಅವನ ಮುಖ ಬಾಡಿತು.

“ಅದಕ್ಕೇ ನನ್ನ ಕಣ್ಣ ಮುಂದ ಇರ್ರಿ,” ಎಂದಳು ಅವನ ಕೈ ಹಿಡಿದು. “ಜೀವ ಇರೋತನಕ!”