ಲೆಕ್ಕಕ್ಕೆ ಬಾರದ ನಾಲ್ಕು ಟನ್

ಫೋರ್ಕ್‌ಲಿಫ್ಟ್‌ನ ಎರಡು ಉಕ್ಕಿನ ಹಲ್ಲುಗಳು ನನ್ನ ಪಕ್ಕೆಯ ಆಚೆ ಈಚೆ ಬಂದು ನಿಂತವು. ಬೆನ್ನಿಗೆ ಗೋಡೆ.

ನಡುವೆ ನಾನು!

ಸೀಟಿನ ಮೇಲೆ ಗೂಳಿ. ಫ್ಯಾಕ್ಟರಿಯ ಯಾರ್ಡ್ ನೋಡಿಕೊಳ್ಳುವವನು, ಮ್ಯಾನೇಜರ್‌ನ ಬಲಗೈ. ತಲೆಗೂ ಭುಜಕ್ಕೂ ನಡುವೆ ಕತ್ತು ಅನ್ನುವುದೇ ಇಲ್ಲ.

"ಪೆನ್ ಡ್ರೈವ್ ಕೊಡು."

"ಯಾವ ಪೆನ್ ಡ್ರೈವ್?"

ಗಾಡಿ ಒಂದು ಗೇಣು ಮುಂದೆ ಬಂತು. ಹಲ್ಲುಗಳು ಗೋಡೆಗೆ ಕುಟ್ಟಿದವು. ಸಿಮೆಂಟು ಪುಡಿಯಾಗಿ ಉದುರಿತು.

"ಇನ್ನೊಂದ್ಸಲ ಕೇಳಲ್ಲ..."

ಇಲ್ಲಿಗೆ ಯಾಕೆ ಬಂದೆ ಅಂತ ಹೇಳಿಬಿಡುತ್ತೇನೆ, ಕೇಳಿ. ಆಕ್ಸಿಡೆಂಟ್ ಆದರೆ ತಪ್ಪು ಯಾರದು ಅಂತ ಹುಡುಕುವುದು ನನ್ನ ಕಸುಬು. ಈ ಸಲ ಸತ್ತವನು ನನ್ನ ಭಾವ. ಅಕ್ಕನ ಗಂಡ, ಕ್ರೇನ್ ಆಪರೇಟರ್. ಇದೇ ಯಾರ್ಡಿನಲ್ಲಿ ದೊಡ್ಡದೊಂದು ಪಂಪ್ ಸೆಟ್ ಎತ್ತುವಾಗ ಕ್ರೇನ್ ಮಗುಚಿತು. ಹಳೆಯ ಕ್ರೇನ್. ತೂಕದ ಅಲಾರಂ ಕೆಟ್ಟು ಯಾವ ಕಾಲವಾಗಿತ್ತೋ! ಡ್ರಾಯಿಂಗ್‌ನಲ್ಲಿದ್ದ ತೂಕ ನಂಬಿ ಎತ್ತಿದ.

"ಕುಡಿದಿದ್ದ" ಅಂದಿತು ಕಂಪನಿ.

ಕೆಮ್ಮಿನ ಔಷಧಿಗೂ ಹೆದರುತ್ತಿದ್ದ ಮನುಷ್ಯ ಅವನು.

ಗೂಳಿ ಅಡ್ಡ ಬರುವುದಕ್ಕೆ ಸ್ವಲ್ಪ ಮುಂಚೆ ನಾನು ಡಿಸೈನ್ ರೂಮಿನಲ್ಲಿದ್ದೆ. ಆ ಪಂಪ್ ಸೆಟ್ಟಿನ ಡಿಸೈನರ್ ಹುಡುಗಿ ಕಂಪ್ಯೂಟರಿನಲ್ಲಿ ಅದರ ಅಸೆಂಬ್ಲಿ, ಅಂದರೆ ಪಾರ್ಟುಗಳನ್ನೆಲ್ಲ ಜೋಡಿಸಿದ ಚಿತ್ರ, ತೆರೆದಳು.

"ಇದು ಮೋಟಾರ್, ಸಾರ್. ಇದಕ್ಕೆ 'ರೆಫರೆನ್ಸ್' ಅಂತ ಟಿಕ್ ಇದೆ."

"ಹಾಗಂದ್ರೆ?"

"ಜಾಗ ತೋರ್ಸೋಕೆ ಮಾತ್ರ ಇಟ್ಟಿರೋ ಪಾರ್ಟು. ಕಣ್ಣಿಗೆ ಕಾಣುತ್ತೆ, ತೂಕದ ಲೆಕ್ಕಕ್ಕೆ ಬರಲ್ಲ. ಮೋಟಾರ್ ನಾವೇ ತಂದು ಅಲ್ಲಿ ಕೂರಿಸ್ಕೋತೀವಿ ಅಂದಿದ್ರು ಗಿರಾಕಿ. ಆಗ ಟಿಕ್ ಸರಿಯಾಗೇ ಇತ್ತು."

"ಆಮೇಲೆ?"

"ಮನಸ್ಸು ಬದಲಾಯಿಸಿದ್ರು. ಮೋಟಾರ್ ಇಲ್ಲೇ ಕೂರಿಸಿದ್ವಿ. ಟಿಕ್ ಹಾಗೇ ಉಳೀತು... ಡ್ರಾಯಿಂಗ್‌ನಲ್ಲಿ ಒಂಬತ್ತು ಟನ್. ಎತ್ತಿದ್ದು ಹದಿಮೂರು!"

"ಯಾರಿಗಾದ್ರೂ ಹೇಳಿದ್ಯಾ?"

"ಹಿಂದಿನ ದಿನಾನೇ ಮ್ಯಾನೇಜರ್‌ಗೆ ಹೇಳ್ದೆ. 'ಈಗ ತೂಕ ತಿದ್ದಿದ್ರೆ ದೊಡ್ಡ ಕ್ರೇನ್ ಬರೋವರ್ಗೂ ಕಾಯ್ಬೇಕು, ಡೆಲಿವರಿ ತಪ್ಪುತ್ತೆ, ಬಾಯಿ ಮುಚ್ಕೊಂಡಿರು' ಅಂದ್ರು."

ಫೈಲಿನ ಕಾಪಿಯನ್ನು ಪೆನ್ ಡ್ರೈವ್‌ಗೆ ಹಾಕಿ ನನ್ನ ಕೈಗಿಟ್ಟಳು.

"ಪೊಲೀಸರ ಮುಂದೆಯೂ ಹೇಳ್ತೀನಿ. ನಂಗೇನೂ ಆಗಲ್ಲ ಅಲ್ವಾ, ಸಾರ್?"

"ಏನೂ ಆಗಲ್ಲ," ಅಂದೆ.

ಅಲ್ಲಿಂದ ಹೊರಬಿದ್ದವನಿಗೆ ಸಿಕ್ಕಿದ್ದೇ ಈ ಗೂಳಿ.

ಅವನು ಗೇರ್ ಬದಲಾಯಿಸಲು ಕಣ್ಣು ತಗ್ಗಿಸಿದ. ನಾನು ಕುಸಿದು ಕುಳಿತು ಹಲ್ಲಿನ ಕೆಳಗೆ ಉರುಳಿದೆ. ಎದ್ದವನೇ ಓಟ! ಪೈಪಿನ ರಾಶಿಗಳ ನಡುವೆ ನುಗ್ಗಿದೆ. ಹಿಂದೆ ಇಂಜಿನ್ ಮೊರೆಯಿತು. ಸಂದು ಕಿರಿದು, ಗಾಡಿ ಅಗಲ. ಢಬಾರ್! ಪೈಪುಗಳು ಉರುಳಿ ಗೂಳಿಯ ದಾರಿ ಮುಚ್ಚಿದವು.

ಗೇಟಿನಲ್ಲಿ ಮ್ಯಾನೇಜರ್ ನಿಂತಿದ್ದ. ಒಂದು ಕಲೆಯೂ ಇಲ್ಲದ ಬಿಳಿ ಹೆಲ್ಮೆಟ್.

"ಸತ್ತವನು ಸತ್ತ. ಬದುಕಿರೋರ ಹೊಟ್ಟೆ ಮೇಲೆ ಯಾಕಯ್ಯಾ ಹೊಡೀತೀಯ?"

"ಬದುಕಿರೋರಲ್ಲಿ ನಮ್ಮಕ್ಕಾನೂ ಇದಾಳೆ."

"ಟಿಕ್ ಹಾಕಿದ್ದು ನಾನಲ್ಲ, ಆ ಹುಡುಗಿ. ನೆನಪಿರ್ಲಿ!"

ನನ್ನ ಮುಷ್ಟಿ ಹೋಗಿ ಅವನ ಮುಖಕ್ಕೆ ಬಿತ್ತು. ಹೆಲ್ಮೆಟ್ಟು ಮೂಗನ್ನು ಕಾಯುವುದಿಲ್ಲ.

ಪೆನ್ ಡ್ರೈವ್ ಪೊಲೀಸರ ಕೈ ಸೇರಿತು. 'ಕುಡಿದಿದ್ದ' ಅನ್ನುವ ಮಾತು ಬಿದ್ದುಹೋಯಿತು. ಅವತ್ತು ಅಕ್ಕ ಗಂಡನ ಅಂಗಿ ಎದೆಗೊತ್ತಿಕೊಂಡು ಅತ್ತಳು. ಅಲ್ಲಿಯವರೆಗೆ ಒಂದು ಹನಿ ಹಾಕಿರಲಿಲ್ಲ.

ಆದರೆ ಮ್ಯಾನೇಜರ್ ಹೇಳಿದ್ದನ್ನೇ ಮಾಡಿದ. "ಆ ಹುಡುಗಿ ನಂಗೇನೂ ಹೇಳೇ ಇಲ್ಲ" ಅಂತ ಹೇಳಿಕೆ ಕೊಟ್ಟ. ರೂಮಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿಂದ ಬರಬೇಕು? ಫೈಲಿನಲ್ಲಿದ್ದದ್ದು ಅವಳ ಹೆಸರೊಂದೇ. ಪೊಲೀಸರು ಇಬ್ಬರನ್ನೂ ಹಿಡಿದರು. ಅವನಿಗೆ ಸಂಜೆಯೊಳಗೆ ಜಾಮೀನು. ಅವಳು ಇನ್ನೂ ಒಳಗೆ.

ಅಕ್ಕ ಜೈಲಿಗೆ ಹೋಗಿ ಅವಳನ್ನು ಮಾತಾಡಿಸಿ ಬರುತ್ತಾಳೆ. ನಾನು ಗಾಡಿಯಲ್ಲೇ ಕೂರುತ್ತೇನೆ.

ಮೊನ್ನೆ ಅವಳು ಕೇಳಿದಳಂತೆ, "ನಿಮ್ಮ ತಮ್ಮ ಬಂದಿದಾರಾ?"

"ಹೊರಗಿದಾನಮ್ಮ. ಕರೀಲಾ?"

"ಬೇಡಕ್ಕಾ... ಅಂಥೋರೆಲ್ಲ ಹೊರಗೇ ಇರ್ತಾರೆ!"