ಹುಣಿಸೆ ಮರದಡಿಯ ಮೇಣದಬತ್ತಿ

2002ರ ನವೆಂಬರ್ 4, ಸೋಮವಾರ, ಬೆಳಿಗ್ಗೆ 8.20. ಪೂರ್ವ ತಿಮೋರ್‌ನ ಗಡಿಗೆ ಅಂಟಿದ ಲೆಯೊಲಿಮಾ ಠಾಣೆಗೆ ಎರ್ಮೆಲಿಂಡಾ ಬಂದಳು. ಇಂಡೋನೇಷ್ಯಾದ ಸೇನೆ ಜಾಗ ಖಾಲಿ ಮಾಡುವಾಗ ಅವಳ ಗಂಡ ಗಾಸ್ಪಾರ್‌ನನ್ನು ಎಳೆದೊಯ್ದು ಮೂರು ವರ್ಷವಾಗಿತ್ತು. ಹೆಣ ಸಿಗದೆ ಅವಳು ಶೋಕದ ಕಪ್ಪು ಬಟ್ಟೆ ಕಳಚುವಂತಿರಲಿಲ್ಲ.

"ಏನವ್ವಾ ದೂರು?" ಇನ್‌ಸ್ಪೆಕ್ಟರ್ ಸೆಲೆಸ್ತಿನೊ ಕೇಳಿದ.

"ಮೊನ್ನೆ ಸತ್ತವರ ಹಬ್ಬದ ದಿನ ಹೊಳೆ ದಂಡೆ ಹುಣಿಸೆ ಮರದ ಕೆಳಗೆ ಯಾರೋ ಮೇಣದಬತ್ತಿ ಹಚ್ಚಿದಾರೆ. ಅಲ್ಲಿ ಯಾರ ಗೋರೀನೂ ಇಲ್ಲ."

ಕಾನ್‌ಸ್ಟೇಬಲ್ ಫಿಲೊಮೆನೊ ನಕ್ಕುಬಿಟ್ಟ. "ಬತ್ತಿ ಹಚ್ಚಿದ್ದಕ್ಕೆಲ್ಲ ಎಫ್‌ಐಆರ್ ಹಾಕೋದಾ?"

"ಹೆಣ ಇಲ್ದಿರೋ ಕಡೆ ಯಾರಪ್ಪಾ ಬತ್ತಿ ಹಚ್ತಾರೆ? ನನ್ನ ಗಂಡನ್ನ ಕೊಂದೋನು ಬೇಕು. ಕೊಲ್ಲಿಸಿದ ಆ ಸೇನೆಯ ಸಾರ್ಜೆಂಟ್ ವಿರ್ಯಾನ್ ಕೂಡ ಬೇಕು. ಅವನ ಹೆಸರು ಮೊದಲು ಬರ್ಕೊಳ್ಳಿ."

ಇಂಥ ಕಡತ ತೆರೆದೂ ತೆರೆದೂ ಸೆಲೆಸ್ತಿನೊಗೆ ಸಾಕಾಗಿ ಹೋಗಿತ್ತು. ಆದರೂ ವಿರ್ಯಾನ್‌ನ ಹೆಸರನ್ನೇ ಮೊದಲು ಬರೆದುಕೊಂಡ.

ನವೆಂಬರ್ 6, ಬೆಳಿಗ್ಗೆ 10.00. ಪಂಚರ ಎದುರು ಹುಣಿಸೆ ಮರದ ಕೆಳಗೆ ಅಗೆದರು. ಮೂರಡಿ ಆಳದಲ್ಲಿ ಮೂಳೆಗಳು, ಮಣಿಕಟ್ಟಿಗೆ ಬಿಗಿದ ತಂತಿ, ಬೆಲ್ಟಿನ ಬಕಲ್. ಬಕಲ್ ಗಂಡನದೇ ಎಂದು ಎರ್ಮೆಲಿಂಡಾ ಗುರುತಿಸಿದಳು. ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು.

ಕಲ್ಲಿನ ಮೇಲೆ ಹನಿದಿದ್ದ ಮೇಣ ಅಂಗಡಿಯ ಬಿಳಿ ಮೇಣವಲ್ಲ. ಹಳದಿ ಬಣ್ಣ, ಜೇನಿನ ವಾಸನೆ. ಸುತ್ತಮುತ್ತ ಹೆಜ್ಜೇನು ಇಳಿಸಿ ಮನೆಮಟ್ಟಿಗೆ ಬತ್ತಿ ಹೊಸೆದುಕೊಳ್ಳುವವನು ಅಬ್ರಾಂವ್ ಒಬ್ಬನೇ. ಸೇನೆ ಕಟ್ಟಿದ್ದ ಊರ ಪಡೆಯಲ್ಲಿ ಇದ್ದವನು. ಮಧ್ಯಾಹ್ನ 3.15ಕ್ಕೆ ಅವನನ್ನು ಕರೆತಂದರು.

"ಬತ್ತಿ ನಿಂದೇನಾ?"

"ಹೌದಣ್ಣಾ."

"ಅಲ್ಲಿ ಹೂತಿದ್ದು ನಿಂಗೆ ಹೇಗೆ ಗೊತ್ತು?"

ಅಬ್ರಾಂವ್ ತಲೆ ತಗ್ಗಿಸಿದ. "ಹಚ್ಚದೇ ಇದ್ರೆ ಸತ್ತವರು ಸುಮ್ನೆ ಬಿಡ್ತಾರಾ? ಮನೇಲಿ ಮಕ್ಕಳಿದಾರೆ."

"ಕೊಂದೋನು ಯಾರು?"

"ನಾನೇ."

"ಯಾಕೆ?"

"ಹೆಂಡ್ತಿ ಮಕ್ಕಳನ್ನ ಲಾರೀಲಿ ಕೂರ್ಸಿದ್ರು. ಸಾರ್ಜೆಂಟು ಕತ್ತಿ ಕೈಗೆ ಕೊಟ್ಟು, ಸಾಯೋದು ಗಾಸ್ಪಾರೋ ಇವರೋ, ನೀನೇ ಹೇಳು ಅಂದ. ನನ್ನ ದೊಡ್ಡ ಮಗಳಿಗೆ ಚರ್ಚಲ್ಲಿ ಜ್ಞಾನಸ್ನಾನ ಆದಾಗ ಎತ್ತಿ ಹಿಡಿದು ಧರ್ಮತಂದೆ ಆಗಿದ್ದು ಗಾಸ್ಪಾರೇ ಅಣ್ಣಾ. ಅವನೇ ಅಂದ, ಬೇಗ ಮುಗಿಸು, ಮಕ್ಕಳು ನೋಡ್ತಾ ಇದಾವೆ ಅಂತ."

4.40ಕ್ಕೆ ಬಂಧನ ದಾಖಲಾಯಿತು. ಅಬ್ರಾಂವ್ ಎರಡನೇ ಆರೋಪಿ. ಮೊದಲನೇ ಆರೋಪಿ ವಿರ್ಯಾನ್‌ನ ಹೆಸರಿನ ಮುಂದೆ ಸೆಲೆಸ್ತಿನೊ 'ತಲೆಮರೆಸಿಕೊಂಡಿದ್ದಾನೆ' ಎಂದು ಬರೆದು, ಅಬ್ರಾಂವ್‌ನ ಹೇಳಿಕೆಯನ್ನೂ ಸೇರಿಸಿ ಎರ್ಮೆಲಿಂಡಾಳಿಗೆ ಓದಿ ಹೇಳಿದ.

"ಎಲ್ಲಿ ತಲೆಮರೆಸ್ಕೊಂಡಿದಾನೆ ಸಾರ್? ಗಡಿ ಆಚೆ ಸಂತೆಗೆ ಹೋದೋರೆಲ್ಲ ನೋಡ್ತಾರೆ. ಬಡ್ತಿ ಬೇರೆ ಸಿಕ್ಕಿದೆಯಂತೆ."

"ನಮ್ಮ ವಾರಂಟ್ ಆ ಕಡೆ ನಡೆಯಲ್ಲ ಅವ್ವಾ."

"ಹಾಗಾದ್ರೆ ಇವನೊಬ್ಬನೇನಾ?"

"ಇವನೊಬ್ಬನೇ."

ಹೊರಗಿನ ಬೆಂಚಿನ ಮೇಲೆ ಅಬ್ರಾಂವ್‌ನ ಹೆಂಡತಿ ಜೋಳದ ಗಂಜಿಯ ಪಾತ್ರೆ ಹಿಡಿದು ಕೂತಿದ್ದಳು, ಪಕ್ಕದಲ್ಲಿ ದೊಡ್ಡ ಮಗಳು. ಎರ್ಮೆಲಿಂಡಾ ಬಾಗಿಲಲ್ಲಿ ನಿಂತು ಅವರನ್ನೇ ನೋಡಿದಳು. ತಿರುಗಿ ಬಂದು ಮೇಜಿನ ಮೇಲಿದ್ದ ಕಾಗದದತ್ತ ಕೈ ಚಾಚಿದಳು.

"ನನ್ನ ದೂರು ವಾಪಸ್ ಕೊಡಿ ಸಾರ್."

ಕೊಲೆ ಕೇಸಿನಲ್ಲಿ ದೂರು ವಾಪಸ್ ಕೊಡಲು ಬರುವುದಿಲ್ಲ. ಸೆಲೆಸ್ತಿನೊ ಅವಳ ಮುಖ ನೋಡದೆ ಅದನ್ನು ಹೇಳಿದ.